ಫೋನಿನಲ್ಲೇ ಪರಿಚಯ, ಪರಿಚಯದಿಂದ ಕೆಲಸ: ಶುರು ಮಾಡುವುದು ಹೇಗೆ?

ಕಲಬುರಗಿಯಲ್ಲಿ ಇಂಜಿನಿಯರಿಂಗ್ ಮುಗಿಸಿದವರಿಗೂ ಬೆಂಗಳೂರಿನಲ್ಲಿ ಮುಗಿಸಿದವರಿಗೂ ಸಿಗುವುದು ಹೆಚ್ಚಾಗಿ ಅದೇ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪದವಿ. ಆದರೆ ಬೆಂಗಳೂರಿನ ಹುಡುಗನಿಗೆ ಪಕ್ಕದ ಮನೆಯಲ್ಲೇ ಯಾರೋ ಒಬ್ಬ ಅಣ್ಣ ಕಂಪನಿಯಲ್ಲಿರುತ್ತಾನೆ. "ನಮ್ಮಲ್ಲಿ ಟೆಸ್ಟಿಂಗ್‌ಗೆ ಜನ ಬೇಕಂತೆ, ರೆಸ್ಯೂಮೆ ಕಳಿಸು" ಅನ್ನುವ ಮಾತು ತಾನಾಗಿಯೇ ಕಿವಿಗೆ ಬೀಳುತ್ತದೆ. ಸೇಡಂ, ಸುರಪುರ, ಬಸವಕಲ್ಯಾಣದ ಮಕ್ಕಳಿಗೆ ಆ ಮಾತು ಕೇಳಿಸುವುದೇ ಇಲ್ಲ. ನಮ್ಮ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯಡಿ ಸಿಗುವ ಮೀಸಲಾತಿ ಸರ್ಕಾರಿ ಕೆಲಸಕ್ಕೆ, ಕಾಲೇಜು ಸೀಟಿಗೆ ನೆರವಾಗುತ್ತದೆ. ಖಾಸಗಿ ಕಂಪನಿಯಲ್ಲಿ ಅದು ಲೆಕ್ಕಕ್ಕಿಲ್ಲ. ನಮ್ಮ ಮಕ್ಕಳಲ್ಲಿ ಜಾಣತನಕ್ಕೆ ಕೊರತೆ ಇಲ್ಲ, ಕೊರತೆ ಇರುವುದು ಪರಿಚಯಕ್ಕೆ. ಅದನ್ನು ಕೈಯಲ್ಲಿರುವ ಫೋನಿನಿಂದಲೇ ಬೆಳೆಸಬಹುದು. ರೀಲ್ಸ್ ನೋಡುವ ಸಮಯದಲ್ಲಿ ದಿನಕ್ಕೆ ಅರ್ಧ ತಾಸು ಇದಕ್ಕೆ ಕೊಡಿ.

ಮೊದಲು ನಿಮ್ಮ ಪುಟ

ಕೆಲಸದ ಪರಿಚಯಕ್ಕೆಂದೇ ಇರುವ ಜಾಲತಾಣ ಲಿಂಕ್ಡ್‌ಇನ್‌ನಲ್ಲಿ ಉಚಿತ ಖಾತೆ ಸಾಕು. ಹೆಸರು ಅಂಕಪಟ್ಟಿಯಲ್ಲಿ ಇರುವಂತೆಯೇ ಇರಲಿ. ಫೋಟೋಕ್ಕೆ ಸ್ಟುಡಿಯೋ ಬೇಡ, ಬಿಳಿ ಗೋಡೆಯ ಮುಂದೆ ಹಗಲು ಬೆಳಕಿನಲ್ಲಿ ತೆಗೆದದ್ದು ನಡೆಯುತ್ತದೆ.

ಹೆಸರಿನ ಕೆಳಗಿನ ಸಾಲಿಗೆ ಮಾತ್ರ ಸ್ವಲ್ಪ ಜಾಸ್ತಿ ಯೋಚಿಸಿ. ಅಲ್ಲಿ 220 ಅಕ್ಷರ ಬರೆಯಬಹುದು. ಬಹಳ ಮಂದಿ "ವಿದ್ಯಾರ್ಥಿ" ಅಥವಾ "ಕೆಲಸ ಹುಡುಕುತ್ತಿದ್ದೇನೆ" ಎಂದಷ್ಟೇ ಹಾಕಿ ಬಿಡುತ್ತಾರೆ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. "ಸಿವಿಲ್ ಡಿಪ್ಲೊಮಾ, ಆಟೋಕ್ಯಾಡ್ ಬರುತ್ತದೆ, ಸೈಟ್ ಸೂಪರ್‌ವೈಸರ್ ಕೆಲಸಕ್ಕೆ ಸಿದ್ಧ, ಬೀದರ್ ಅಥವಾ ಹೈದರಾಬಾದ್" ಎಂದು ಬರೆದರೆ ಕೆಲಸ ಕೊಡುವವರು ಹುಡುಕುವ ಪದಗಳೇ ನಿಮ್ಮ ಪುಟದಲ್ಲಿ ಇರುತ್ತವೆ. ಸಂದರ್ಶನ ಇಂಗ್ಲಿಷಿನಲ್ಲಿ ನಡೆಯುವ ಕೆಲಸವಾದರೆ ಇದನ್ನೂ ಸರಳ ಇಂಗ್ಲಿಷಿನಲ್ಲೇ ಬರೆಯಿರಿ.

ಈಗಾಗಲೇ ಎಲ್ಲೋ ದುಡಿಯುತ್ತಾ ಬೇರೆ ಕೆಲಸ ಹುಡುಕುತ್ತಿದ್ದೀರಾ? "ಓಪನ್ ಟು ವರ್ಕ್" ಆಯ್ಕೆಯನ್ನು ನೇಮಕ ಮಾಡುವವರಿಗೆ ಮಾತ್ರ ಕಾಣುವಂತೆ ಇಡಬಹುದು. ಆದರೂ ನಿಮ್ಮ ಕಂಪನಿಗೆ ಖಂಡಿತ ಗೊತ್ತಾಗುವುದಿಲ್ಲ ಅನ್ನುವ ಭರವಸೆಯನ್ನು ಲಿಂಕ್ಡ್‌ಇನ್ ಕೊಡುವುದಿಲ್ಲ. ಇನ್ನು ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಲ್ಲಿ ಹಳೆಯ ಜಗಳ, ಬೈಗುಳ ಇದ್ದರೆ ಇವತ್ತೇ ಅಳಿಸಿ. ಫೋನ್ ನಂಬರ್, ಮನೆ ವಿಳಾಸ ಎಲ್ಲರಿಗೂ ಕಾಣುವ ಕಡೆ ಬೇಡ. ಹೆಣ್ಣುಮಕ್ಕಳಿಗೆ ಈ ಮಾತು ಒತ್ತಿ ಹೇಳುತ್ತೇನೆ. ಮೊದಲ ಸಂಪರ್ಕಕ್ಕೆ ಇ-ಮೇಲ್ ಧಾರಾಳ ಸಾಕು.

ನಮ್ಮ ಕಡೆಯವರನ್ನು ಹುಡುಕಿ

ದೊಡ್ಡ ಕಂಪನಿಯ ದೊಡ್ಡ ಹುದ್ದೆಯವರಿಗೆ ಮೆಸೇಜ್ ಹಾಕಿ ಕಾಯುವುದರಲ್ಲಿ ಅರ್ಥವಿಲ್ಲ. ನಿಮ್ಮ ಕಾಲೇಜಿನಲ್ಲೇ ಓದಿ, ನಿಮಗಿಂತ ಮೂರ್ನಾಲ್ಕು ವರ್ಷ ಮುಂದೆ ಇರುವವರನ್ನು ಹುಡುಕಿ. ಕೆಲಸಕ್ಕಾಗಿ ಅಲೆದ ನೆನಪು ಅವರಿಗೆ ಇನ್ನೂ ಹಸಿಯಾಗಿರುತ್ತದೆ. ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಪುಟ ತೆರೆದರೆ ಹಳೆಯ ವಿದ್ಯಾರ್ಥಿಗಳ ವಿಭಾಗ ಇರುತ್ತದೆ. ಅವರು ಯಾವ ಊರಿನಲ್ಲಿದ್ದಾರೆ, ಎಲ್ಲಿ ಕೆಲಸ ಮಾಡುತ್ತಾರೆ, ಏನು ಓದಿದ್ದಾರೆ ಎಂದು ಅಲ್ಲಿ ಸೋಸಿ ನೋಡಬಹುದು.

ಇಲ್ಲಿ ನಮ್ಮ ಭಾಗಕ್ಕೇ ವಿಶೇಷವಾದ ಒಂದು ತೊಡಕಿದೆ. ಊರಿನ ಹೆಸರು ಅಧಿಕೃತವಾಗಿ ಕಲಬುರಗಿ ಆದದ್ದು 2014ರಲ್ಲಿ. ಅದಕ್ಕೂ ಮುಂಚೆ ಓದಿದವರ ಪುಟದಲ್ಲಿ ಇನ್ನೂ "ಗುಲ್ಬರ್ಗಾ" ಎಂದೇ ಇರುವುದು ಜಾಸ್ತಿ. ಹಾಗಾಗಿ ಎರಡೂ ಹೆಸರು ಹಾಕಿ ಹುಡುಕಿ. ಕಲಬುರಗಿಯ ಪಿಡಿಎ ಇಂಜಿನಿಯರಿಂಗ್ ಕಾಲೇಜಿನಲ್ಲೋ ಬೀದರಿನ ಗುರುನಾನಕ್ ದೇವ್ ಕಾಲೇಜಿನಲ್ಲೋ ಓದಿದ ಕೆಲವರು ಕಾಲೇಜಿನ ಬದಲು ಬರೀ "ವಿಟಿಯು" ಎಂದು ಬರೆದಿರುತ್ತಾರೆ. ಪದವಿ ಕಾಲೇಜಿನಲ್ಲಿ ಓದಿದವರು ಗುಲ್ಬರ್ಗಾ ವಿಶ್ವವಿದ್ಯಾಲಯದ ಹೆಸರಿನಲ್ಲಿ ಸಿಗಬಹುದು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಬೇರೆ ರಾಜ್ಯದ ಮಕ್ಕಳೂ ಬರುತ್ತಾರೆ. ಅಲ್ಲಿ ಓದಿದವರಿಗೆ ದೇಶದ ನಾನಾ ಕಡೆ ಸಹಪಾಠಿಗಳು ಇದ್ದಾರೆ ಅಂದ ಹಾಗಾಯಿತು. ಅದನ್ನು ಬಳಸಿಕೊಳ್ಳಲೇಬೇಕು.

ಮೊದಲ ಮೆಸೇಜ್

ಹೆಚ್ಚಿನವರು ಸೋಲುವುದು ಇಲ್ಲೇ. "ಹಾಯ್ ಸರ್, ಜಾಬ್ ಇದ್ದರೆ ಹೇಳಿ" ಎಂದು ನೂರು ಮಂದಿಗೆ ಕಳಿಸಿದರೆ ಒಬ್ಬರೂ ಉತ್ತರ ಕೊಡುವುದಿಲ್ಲ. ಅವರು ಕೆಟ್ಟವರು ಅಂತಲ್ಲ. ನೀವು ಯಾರು, ಏನು ಬರುತ್ತದೆ, ಅವರು ಏನು ಮಾಡಬೇಕು ಎಂದು ಆ ಸಾಲಿನಿಂದ ತಿಳಿಯುವುದೇ ಇಲ್ಲ. ಬರೆಯುವ ಮುಂಚೆ ಅವರ ಪುಟವನ್ನು ಪೂರ್ತಿ ಓದಿ. ಆಮೇಲೆ ಕೆಲಸ ಕೇಳಬೇಡಿ, ಒಂದು ಪ್ರಶ್ನೆ ಕೇಳಿ. ಎರಡು ನಿಮಿಷದಲ್ಲಿ ಉತ್ತರ ಬರೆಯಬಹುದಾದ ಪ್ರಶ್ನೆ ಆಗಿರಲಿ. ಉದಾಹರಣೆಗೆ:

"ನಮಸ್ಕಾರ ಮೇಡಂ. ನೀವು ಓದಿದ ಕಾಲೇಜಿನಲ್ಲೇ ಕೊನೆ ವರ್ಷದ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ನೀವು ಎಲೆಕ್ಟ್ರಾನಿಕ್ಸ್‌ನಿಂದ ಡೇಟಾ ಕೆಲಸಕ್ಕೆ ಹೋದದ್ದು ನೋಡಿದೆ. ನನಗೆ ಎಸ್‌ಕ್ಯೂಎಲ್ ಬರುತ್ತದೆ. ಮುಂದೆ ಪೈಥಾನ್ ಕಲಿಯಲೋ, ಪವರ್ ಬಿಐ ಕಲಿಯಲೋ? ನೀವು ಯಾವುದರಿಂದ ಶುರು ಮಾಡಿದಿರಿ?"

ಉಚಿತ ಖಾತೆಯಲ್ಲಿ ಆಹ್ವಾನದ ಜತೆ ಬರೆಯುವ ಟಿಪ್ಪಣಿ ಬಹಳ ಚಿಕ್ಕದಾಗಿರಬೇಕು, ತಿಂಗಳಿಗೆ ಕೆಲವರಿಗಷ್ಟೇ ಕಳಿಸಲೂ ಆಗುತ್ತದೆ. ಅದಕ್ಕೆ ಟಿಪ್ಪಣಿಯಲ್ಲಿ ಕಾಲೇಜಿನ ಹೆಸರು ಮಾತ್ರ ಹೇಳಿ. ಅವರು ಒಪ್ಪಿಕೊಂಡ ಮೇಲೆ ಪ್ರಶ್ನೆ ಕಳಿಸಿ. ನಮ್ಮವರೇ ಎಂದು ಗೊತ್ತಿದ್ದರೆ ಕನ್ನಡದಲ್ಲಿ ಬರೆಯಲು ಹಿಂಜರಿಯಬೇಡಿ. ಹೊರ ಊರಿನಲ್ಲಿ ಇರುವವರಿಗೆ ಊರ ಭಾಷೆ ಕಂಡರೆ ಖುಷಿಯೇ ಆಗುತ್ತದೆ, ಅಲ್ವಾ?

ಉತ್ತರ ಬಂದರೆ ಥ್ಯಾಂಕ್ಸ್ ಹೇಳಿ ಸುಮ್ಮನಾಗಬೇಡಿ. ಅವರು ಹೇಳಿದ್ದನ್ನು ಮಾಡಿ. ಮೂರು ವಾರ ಬಿಟ್ಟು "ನೀವು ಹೇಳಿದಂತೆ ಪವರ್ ಬಿಐ ಕಲಿತೆ, ಕಲಬುರಗಿಯ ಮಳೆಯ ಅಂಕಿಅಂಶ ಹಾಕಿ ಈ ಚಾರ್ಟ್ ಮಾಡಿದೆ" ಎಂದು ಕಳಿಸಿ. ಕೇಳಿದ ಮಾತನ್ನು ಮಾಡಿ ತೋರಿಸುವವರು ಬಹಳ ಕಡಿಮೆ. ಹಾಗೆ ಮಾಡಿದವರ ಹೆಸರು ನೆನಪಿನಲ್ಲಿ ಉಳಿಯುತ್ತದೆ. ರೆಫರಲ್, ಅಂದರೆ ತಮ್ಮ ಕಂಪನಿಗೆ ನಿಮ್ಮ ಹೆಸರು ಸೂಚಿಸಿ ಎಂದು ಕೇಳುವುದು ಇದಾದ ಮೇಲೆ. ಆಗಲೂ ಕಂಪನಿಯ ವೆಬ್‌ಸೈಟಿನಲ್ಲಿರುವ ಹುದ್ದೆಯ ಲಿಂಕ್ ಮತ್ತು ರೆಸ್ಯೂಮೆ ಎರಡನ್ನೂ ಒಟ್ಟಿಗೆ ಕಳಿಸಿ. ಹಲವು ಕಂಪನಿಗಳು ರೆಫರ್ ಮಾಡಿದ ನೌಕರರಿಗೆ ಹಣವನ್ನೂ ಕೊಡುತ್ತವೆ. ಆದ್ದರಿಂದ ನೀವು ಬೇಡುತ್ತಿದ್ದೀರಿ ಎಂದು ಕುಗ್ಗಬೇಕಿಲ್ಲ. ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ, ಆಮೇಲೆ ಬಿಟ್ಟುಬಿಡಿ.

ಮಾಡಿದ ಕೆಲಸ ತೋರಿಸಿ

ಸರ್ಟಿಫಿಕೇಟಿನ ಫೋಟೋ ಹಾಕುವುದಕ್ಕಿಂತ ಕೆಲಸದ ಫೋಟೋ ಹಾಕುವುದು ಮೇಲು. ಯಾದಗಿರಿ ಜಿಲ್ಲೆಯ ಭೀಮರಾಯನಗುಡಿಯ ಕೃಷಿ ಕಾಲೇಜಿನ ವಿದ್ಯಾರ್ಥಿ ಎಂದುಕೊಳ್ಳಿ. ಹೊಲದಲ್ಲಿ ತೊಗರಿಗೆ ನೆಟೆ ರೋಗ ಬಂದಿದೆ. ಒಣಗಿದ ಗಿಡದ ಕಾಂಡ ಸೀಳಿ, ಒಳಗಿನ ಕಂದು ಗೆರೆ ಕಾಣುವಂತೆ ಫೋಟೋ ತೆಗೆದು, ನೀರಿನ ಕೊರತೆಗೂ ಈ ರೋಗಕ್ಕೂ ವ್ಯತ್ಯಾಸ ಹೇಗೆ ಗುರುತಿಸಬೇಕು ಎಂದು ಐದು ಸಾಲು ಬರೆಯಿರಿ. ಬೀಜದ ಕಂಪನಿಯವರು, ಕೃಷಿ ಸಂಸ್ಥೆಯವರು ನೋಡಬೇಕಾದದ್ದು ಇದನ್ನೇ. ಜತೆಗೆ ಒಬ್ಬ ರೈತರಿಗೂ ಉಪಯೋಗ ಆಗುತ್ತದೆ. ಸಾಫ್ಟ್‌ವೇರ್ ಕಲಿತವರು ಪ್ರಾಜೆಕ್ಟನ್ನು ಗಿಟ್‌ಹಬ್‌ನಲ್ಲಿಟ್ಟು, ಯಾವ ತೊಂದರೆಗೆ ಇದನ್ನು ಮಾಡಿದೆ ಎಂದು ರೀಡ್‌ಮಿ ಫೈಲಿನಲ್ಲಿ ಬರೆದರೆ ಸಾಕು.

ಬೀದರಿನ ಬಿದರಿ ಕುಶಲಕರ್ಮಿಗಳ ಮನೆಯ ಮಕ್ಕಳಿಗೆ ಬೇರೆಯೇ ಮಾತು ಹೇಳಬೇಕು. 2006ರಿಂದ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇರುವ ಕಲೆ ಅದು. ಇನ್‌ಸ್ಟಾಗ್ರಾಂನಲ್ಲಿ ಮುಗಿದ ಹೂಜಿಯ ಫೋಟೋ ಹಾಕಿದರೆ ಅದು ಸಾವಿರ ಹೂಜಿಗಳ ನಡುವೆ ಕಳೆದುಹೋಗುತ್ತದೆ. ಬದಲಿಗೆ ಕೆಲಸವನ್ನೇ ವಿಡಿಯೋ ಮಾಡಿ. ಸತು ಮತ್ತು ತಾಮ್ರದ ಬೂದು ಪಾತ್ರೆ, ಅದರ ಗೀರಿನೊಳಗೆ ಕೂರುವ ಬೆಳ್ಳಿ ತಂತಿ, ಕೊನೆಗೆ ಕೋಟೆಯ ಮಣ್ಣಿನ ದ್ರಾವಣ ತಾಗಿದ ಕೂಡಲೇ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುವುದು. ಆ ಅರ್ಧ ನಿಮಿಷ ನೋಡಿದವರಿಗೆ ಬೆಲೆ ಯಾಕೆ ಅಷ್ಟು ಎಂದು ವಿವರಿಸಬೇಕಾಗಿಲ್ಲ. ಕೊಳ್ಳುವವರಿಗೆ ವಾಟ್ಸ್ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್ ಲಿಂಕ್ ಕೊಡಿ. ಅದಕ್ಕೆ ದುಡ್ಡಿಲ್ಲ.

ಮೋಸ ಗುರುತಿಸಿ

ಯೂಟ್ಯೂಬ್ ವಿಡಿಯೋ ನಂಬಿ, ರಷ್ಯಾದಲ್ಲಿ ಸೆಕ್ಯುರಿಟಿ ಕೆಲಸ ಎಂದುಕೊಂಡು ಹೋದ ಕಲಬುರಗಿಯ ಯುವಕರು ಯುಕ್ರೇನ್ ಯುದ್ಧದಲ್ಲಿ ಸಿಕ್ಕಿಬಿದ್ದಿದ್ದರು. ಅವರು ಊರಿಗೆ ಮರಳಿದ್ದು 2024ರ ಸೆಪ್ಟೆಂಬರಿನಲ್ಲಿ. ವಿದೇಶದ ಕೆಲಸ ಯಾರೇ ಹೇಳಲಿ, ಏಜೆಂಟ್ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿದೆಯೇ ಎಂದು ಮೊದಲು ನೋಡಿ. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ರಸೀದಿಯನ್ನೂ ಕೊಡಬೇಕು. ಹೊಲ ಅಡವಿಟ್ಟು ಲಕ್ಷಗಟ್ಟಲೆ ಕೊಡುವ ಮುಂಚೆ ಇದನ್ನು ಮನೆಯವರೆಲ್ಲ ಕೂತು ನೋಡಿ.

ದೇಶದೊಳಗಿನ ಕೆಲಸಕ್ಕೆ ನಿಜವಾದ ಕಂಪನಿ ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಡೆಪಾಸಿಟ್ ಎಂದು ಹಣ ಕೇಳುವುದಿಲ್ಲ. ಟೆಲಿಗ್ರಾಂನಲ್ಲಿ "ಹೋಟೆಲಿಗೆ ರೇಟಿಂಗ್ ಕೊಡಿ, ದಿನಕ್ಕೆ ಸಾವಿರಾರು ಗಳಿಸಿ" ಅನ್ನುವವರು ಮೊದಲು ನೂರಿನ್ನೂರು ಕೊಟ್ಟು ನಂಬಿಸುತ್ತಾರೆ, ಆಮೇಲೆ ನಿಮ್ಮಿಂದಲೇ ಹಣ ಹಾಕಿಸುತ್ತಾರೆ. ಹಣ ಹೋಗಿದ್ದರೆ ನಾಚಿಕೊಂಡು ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಹೋಗುವ ಮುಂಚೆ ತಡೆಹಿಡಿಯುವ ಅವಕಾಶ ಹೆಚ್ಚು. ಚಾಟ್‌ನ ಸ್ಕ್ರೀನ್‌ಶಾಟ್, ಯುಪಿಐ ವಹಿವಾಟಿನ ಸಂಖ್ಯೆ, ಆ ಖಾತೆಯ ಲಿಂಕ್ ಯಾವುದನ್ನೂ ಅಳಿಸದೆ ಇಟ್ಟುಕೊಂಡು ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ನಿಮ್ಮ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ಹೋಗಿ.