ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿ ಓದುವುದು ಹೇಗೆ: ಮೊದಲು ಗಡಿಯಾರ, ಆಮೇಲೆ ಕ್ಯಾಮೆರಾ

ಪಿಯುಸಿ ಸೈನ್ಸ್ ಮುಗಿಸಿ ಅಲೈಡ್ ಹೆಲ್ತ್ ಕೋರ್ಸುಗಳ ಪಟ್ಟಿ ಹಿಡಿದು ಕೂತವರು ಈ ಹೆಸರನ್ನು ಸಾಮಾನ್ಯವಾಗಿ ದಾಟಿಕೊಂಡು ಹೋಗುತ್ತಾರೆ. ನಿಂತು ನೋಡುವವರಲ್ಲೂ ಹಲವರು ಇದು ಎಕ್ಸ್‌ರೇ, ಎಂಆರ್‌ಐ ಥರದ್ದೇ ಅಂದುಕೊಳ್ಳುತ್ತಾರೆ. ಅದಲ್ಲ. ಎಕ್ಸ್‌ರೇಯಲ್ಲಿ ವಿಕಿರಣ ಬರುವುದು ಯಂತ್ರದಿಂದ, ಸ್ವಿಚ್ ಆರಿಸಿದರೆ ಮುಗಿಯಿತು. ಇಲ್ಲಿ ವಿಕಿರಣಶೀಲ ಔಷಧಿ ರೋಗಿಯ ರಕ್ತನಾಳಕ್ಕೆ ಹೋಗುತ್ತದೆ, ವಿಕಿರಣ ರೋಗಿಯ ಮೈಯಿಂದ ಹೊರಬರುತ್ತದೆ, ಗಾಮಾ ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಆರಿಸಲು ಸ್ವಿಚ್ಚೇ ಇಲ್ಲ. ಔಷಧಿ ತಯಾರಾದ ಗಳಿಗೆಯಿಂದ ಕಡಿಮೆಯಾಗುತ್ತಲೇ ಇರುತ್ತದೆ. ಹಾಗಾಗಿ ಈ ಡಿಗ್ರಿಯಲ್ಲಿ ಮುಗ್ಗರಿಸುವವರು ಅನಾಟಮಿಯಲ್ಲಿ ಮುಗ್ಗರಿಸುವುದು ಕಡಿಮೆ, ಹೊತ್ತಿನ ಲೆಕ್ಕದಲ್ಲಿ ಹೆಚ್ಚು.

ಸೇರುವ ಮುಂಚೆ

ಬಿಎಸ್ಸಿ ಸಾಮಾನ್ಯವಾಗಿ ಮೂರು ವರ್ಷ ಓದು, ಮೇಲೊಂದು ವರ್ಷ ಇಂಟರ್ನ್‌ಶಿಪ್. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ ಇರಲೇಬೇಕು. ಬಯಾಲಜಿ ಬೇಕೋ, ಗಣಿತವಿದ್ದರೂ ನಡೆಯುತ್ತದೋ ಎಂಬುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಕರ್ನಾಟಕದಲ್ಲಿ ಮಣಿಪಾಲದಲ್ಲಿ, ಆಚೆ ಪುದುಚೇರಿಯ ಜಿಪ್ಮರ್‌ನಲ್ಲಿ ಇದೇ ಹೆಸರಿನ ಡಿಗ್ರಿ ಇದೆ. ಬೇರೆ ಬಿಎಸ್ಸಿ ಮಾಡಿಕೊಂಡು ಈ ಕಡೆ ಬರುವವರಿಗೆ ದೆಹಲಿಯ ಏಮ್ಸ್‌ನಲ್ಲಿ ಎಂಎಸ್ಸಿ ಇದೆ. ಮುಂಬೈನ ಪರೇಲ್‌ನಲ್ಲಿ ಬಿಎಆರ್‌ಸಿಯ (ಭಾಭಾ ಪರಮಾಣು ಸಂಶೋಧನಾ ಕೇಂದ್ರದ) ರೇಡಿಯೇಷನ್ ಮೆಡಿಸಿನ್ ಸೆಂಟರ್ ಇದೆ. 1963ರಲ್ಲಿ ಶುರುವಾದ ಆ ಕೇಂದ್ರ ದೇಶಕ್ಕೆ ಈ ವಿದ್ಯೆಯ ತವರುಮನೆ ಇದ್ದ ಹಾಗೆ.

ಹೆಸರಿನಲ್ಲಿ ಮೋಸಹೋಗಬೇಡಿ. 'ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ', 'ರೇಡಿಯೋಥೆರಪಿ ಟೆಕ್ನಾಲಜಿ' ಬೇರೆ ಡಿಗ್ರಿಗಳು. ಅವನ್ನು ಓದಿದ ಮಾತ್ರಕ್ಕೆ, ವಿಕಿರಣಶೀಲ ಔಷಧಿ ತಯಾರಿಸುವ ಹಾಟ್ ಲ್ಯಾಬ್‌ನಲ್ಲಿ ಕೆಲಸ ಮಾಡುವ ಅರ್ಹತೆ ಬರುವುದಿಲ್ಲ. ಯಾವ ಓದು ಇದ್ದವರು ಟೆಕ್ನಾಲಜಿಸ್ಟ್ ಆಗಬಹುದು ಎಂದು ನಿಗದಿ ಮಾಡುವುದು ಅಣುಶಕ್ತಿ ನಿಯಂತ್ರಣ ಮಂಡಳಿ, ಎಲ್ಲರ ಬಾಯಲ್ಲಿ ಎಇಆರ್‌ಬಿ. ಫೀಸು ಕಟ್ಟುವ ಮುಂಚೆ ನಿಮ್ಮ ಕೋರ್ಸು ಅದರ ಅರ್ಹತೆಗೆ ಹೊಂದುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ.

ಕಾಲೇಜಿಗೆ ಹೋದಾಗ ಕಟ್ಟಡ ನೋಡಬೇಡಿ, ಡಿಪಾರ್ಟ್‌ಮೆಂಟ್ ನೋಡಿ. ಗಾಮಾ ಕ್ಯಾಮೆರಾ ಎಷ್ಟು? ಪೆಟ್-ಸಿಟಿ ಸ್ಕ್ಯಾನರ್ ಅದೇ ಆಸ್ಪತ್ರೆಯಲ್ಲಿದೆಯೋ, ಬೇರೆ ಕಡೆ ಕಳಿಸುತ್ತಾರೋ? ಟೆಕ್ನೀಶಿಯಂ ಎಂಬ ವಿಕಿರಣಶೀಲ ಧಾತು ಒದಗಿಸುವ ಜನರೇಟರ್ ಅಲ್ಲೇ ಇದೆಯೋ, ತಯಾರಾದ ಡೋಸ್ ಹೊರಗಿನಿಂದ ತರಿಸುತ್ತಾರೋ? ಅಯೋಡಿನ್-131 ಕೊಡುವ ಪ್ರತ್ಯೇಕ ವಾರ್ಡ್ ಇದೆಯೇ? ಬರೀ ಪೆಟ್-ಸಿಟಿ ಇರುವ ಕಡೆ ಓದಿದವರಿಗೆ ಕಿಟ್ ಕಲಸುವುದು (ಪುಡಿ ಔಷಧಿಗೆ ಟೆಕ್ನೀಶಿಯಂ ಬೆರೆಸುವುದು) ಕೈಗೆ ಹತ್ತುವುದೇ ಇಲ್ಲ. ಆ ಕೊರತೆ ಆಮೇಲೆ ಇಂಟರ್ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ.

ಲೆಕ್ಕ ಬಾಯಿಗೆ ಬರಬೇಕು

ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಯ ಜೊತೆ ಫಿಸಿಕ್ಸ್ ಇರುತ್ತದೆ. ಅದನ್ನು ಪಾಸಾಗುವಷ್ಟಕ್ಕೆ ಓದಿ ಬಿಟ್ಟರೆ ಮುಂದಿನ ಮೂರು ವರ್ಷವೂ ಕುಂಟುತ್ತೀರಿ. ಈ ಅರ್ಧಾಯುಗಳು (ವಿಕಿರಣಶೀಲತೆ ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತು) ಮಗ್ಗಿಯ ಹಾಗೆ ಬರಬೇಕು: ಟೆಕ್ನೀಶಿಯಂ-99ಎಂ 6 ಗಂಟೆ, ಅದರ ತಾಯಿ ಮಾಲಿಬ್ಡಿನಂ-99 66 ಗಂಟೆ, ಫ್ಲೋರಿನ್-18 110 ನಿಮಿಷ, ಗ್ಯಾಲಿಯಂ-68 68 ನಿಮಿಷ, ಅಯೋಡಿನ್-131 8 ದಿನ, ಲುಟೀಶಿಯಂ-177 6.65 ದಿನ. ಜೊತೆಗೆ 1 ಮಿಲಿಕ್ಯೂರಿ ಅಂದರೆ 37 ಮೆಗಾಬೆಕೆರೆಲ್, ಎರಡೂ ವಿಕಿರಣಶೀಲತೆಯ ಅಳತೆ. ನಮ್ಮ ಆಸ್ಪತ್ರೆಗಳಲ್ಲಿ ಮಾತೆಲ್ಲ ಮಿಲಿಕ್ಯೂರಿಯಲ್ಲೇ ನಡೆದರೂ ದಾಖಲೆಗಳಲ್ಲಿ ಬೆಕೆರೆಲ್ ಬರುತ್ತದೆ.

ಒಂದು ಲೆಕ್ಕ ಬಿಡಿಸೋಣ. ಬೆಳಿಗ್ಗೆ 7 ಗಂಟೆಗೆ 100 ಮಿಲಿಕ್ಯೂರಿ ಇದ್ದ ಎಫ್‌ಡಿಜಿ (ಫ್ಲೋರಿನ್-18 ಅಂಟಿಸಿದ ಸಕ್ಕರೆ, ಪೆಟ್ ಸ್ಕ್ಯಾನ್‌ನ ಔಷಧಿ) ವಯಲ್ ಬೆಂಗಳೂರಿನಿಂದ ಹೊರಟು 10:40ಕ್ಕೆ ಇನ್ನೊಂದು ಊರಿನ ಆಸ್ಪತ್ರೆ ತಲುಪಿತು. ನಡುವೆ 220 ನಿಮಿಷ, ಅಂದರೆ ಎರಡು ಅರ್ಧಾಯು. ಉಳಿದದ್ದು 25. ಮೂರು ರೋಗಿಗಳಿದ್ದಾರೆ, ತಲಾ 8 ಮಿಲಿಕ್ಯೂರಿ. ಎಂಟ್ ಮೂರ್ಲೆ ಇಪ್ಪತ್ನಾಲ್ಕು, 25 ಇದೆ, ಸಾಕು ಅನ್ನಿಸುತ್ತದೆ. ಸಾಲುವುದಿಲ್ಲ. ಸ್ಕ್ಯಾನರ್ ಒಂದೇ ಆದ್ದರಿಂದ ಅರ್ಧರ್ಧ ಗಂಟೆ ಬಿಟ್ಟು ಇಂಜೆಕ್ಷನ್ ಕೊಡುತ್ತೀರಿ. ಮೊದಲನೆಯವರಿಗೆ 8 ಹೋದರೆ ಉಳಿಯುವುದು 17. 11:10ಕ್ಕೆ ಅದು 14 ಆಗಿರುತ್ತದೆ. ಎರಡನೆಯವರಿಗೆ 8 ತೆಗೆದರೆ 6. 11:40ಕ್ಕೆ ವಯಲ್‌ನಲ್ಲಿ ಇರುವುದು 5 ಮಾತ್ರ. ಮೂರನೆಯವರು ನಿನ್ನೆ ರಾತ್ರಿಯಿಂದ ಉಪವಾಸ ಕೂತು ವಾಪಸ್ ಹೋಗಬೇಕು. ಆರ್ಡರ್ ಹಾಕುವಾಗ ಹಿಂದಿನಿಂದ, ಕೊನೆಯ ರೋಗಿಯಿಂದ ಲೆಕ್ಕ ಮಾಡಿದ್ದರೆ ಇದು ಆಗುತ್ತಿರಲಿಲ್ಲ.

ಅಂದಾಜಿಗೆ ಇಷ್ಟು ನೆನಪಿಡಿ: ಟೆಕ್ನೀಶಿಯಂ ಗಂಟೆಗೆ ಶೇಕಡಾ 11ರಷ್ಟು, ಎಫ್‌ಡಿಜಿ ಹತ್ತು ನಿಮಿಷಕ್ಕೆ ಶೇಕಡಾ 6ರಷ್ಟು ಇಳಿಯುತ್ತದೆ. ಕ್ಯಾಲ್ಕುಲೇಟರ್ ಕೊಟ್ಟ ಉತ್ತರ ಈ ಅಂದಾಜಿಗೆ ಹತ್ತಿರವಿಲ್ಲದಿದ್ದರೆ ಎಲ್ಲೋ ಗಂಟೆಯನ್ನೂ ನಿಮಿಷವನ್ನೂ ಬೆರೆಸಿದ್ದೀರಿ. ಪರೀಕ್ಷೆಯಲ್ಲಿ ಅಂಕ ಹೋಗುವುದೂ ಬಹುಪಾಲು ಇಲ್ಲೇ.

ಹಾಟ್ ಲ್ಯಾಬ್

ಎರಡನೇ ವರ್ಷದ ರೇಡಿಯೋಫಾರ್ಮಸಿ ಈ ಓದಿನ ಕೇಂದ್ರ. ಜನರೇಟರ್‌ಗೆ ಇಂಗ್ಲಿಷಿನವರು 'ಮೋಲಿ ಕೌ' ಎಂದು ಹೆಸರಿಟ್ಟಿದ್ದಾರೆ. ದನ ಕರೆದು ಗೊತ್ತಿರುವ ನಮಗೆ ಇನ್ನೂ ಸಲೀಸಾಗಿ ಅರ್ಥವಾಗುತ್ತದೆ. ಅಲ್ಯುಮಿನಾ ಕಾಲಂ ಮೇಲೆ ಮಾಲಿಬ್ಡಿನಂ ಕೂತಿದೆ, ಅದರಿಂದ ಟೆಕ್ನೀಶಿಯಂ ಹುಟ್ಟುತ್ತಿರುತ್ತದೆ, ಸಲೈನ್ ಹರಿಸಿದರೆ ಟೆಕ್ನೀಶಿಯಂ ಮಾತ್ರ ಇಳಿದು ಬರುತ್ತದೆ. ಒಮ್ಮೆ ಕರೆದ ಮೇಲೆ ಕೆಚ್ಚಲು ಪೂರ್ತಿ ತುಂಬಲು ಸುಮಾರು 23 ಗಂಟೆ. ಆರು ಗಂಟೆಗೇ ಕರೆದರೂ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಿಗುತ್ತದೆ.

ಕರೆಯುವ ಕ್ರಮ ಹೀಗೆ. ವಯಲ್‌ಗಳ ರಬ್ಬರ್ ಮುಚ್ಚಳಗಳನ್ನು ಆಲ್ಕೊಹಾಲ್ ಸ್ವಾಬ್‌ನಿಂದ ಒರೆಸಿ, ಒಣಗಲು ಬಿಡಿ. ಡ್ರೈ ಕಾಲಂ ಜನರೇಟರ್ ಆದರೆ ಮೊದಲು ಸಲೈನ್ ವಯಲ್ ಚುಚ್ಚಿ, ಆಮೇಲೆ ಸೀಸದ ಕವಚದೊಳಗಿನ ನಿರ್ವಾತ ವಯಲ್. ಅದಲು ಬದಲಾದರೆ ನಿರ್ವಾತವೆಲ್ಲ ಗಾಳಿ ಎಳೆಯುವುದರಲ್ಲೇ ಮುಗಿದು ಸಲೈನ್ ಕೂತಲ್ಲೇ ಕೂತಿರುತ್ತದೆ. ಗುಳ್ಳೆ ನಿಲ್ಲುವ ತನಕ ಕಾಯಿರಿ. ಅವಸರದಲ್ಲಿ ಎತ್ತಿದರೆ ಕಾಲಂನಲ್ಲಿ ನೀರು ಉಳಿದು ಮರುದಿನದ ಇಳುವರಿ ಕಡಿಮೆಯಾಗುತ್ತದೆ. ಡೋಸ್ ಕ್ಯಾಲಿಬ್ರೇಟರ್‌ನಲ್ಲಿ ಅಳೆಯುವ ಮುಂಚೆ ಐಸೊಟೋಪ್ ಗುಂಡಿ ಯಾವುದರ ಮೇಲಿದೆ ನೋಡಿ. ಎಫ್-18 ಗುಂಡಿಯಲ್ಲಿ ಟೆಕ್ನೀಶಿಯಂ ಅಳೆದರೆ ಬರುವ ಅಂಕಿ ಸುಳ್ಳು, ಆದರೆ ಪರದೆ ಅದನ್ನೂ ಅಷ್ಟೇ ಗಂಭೀರವಾಗಿ ತೋರಿಸುತ್ತದೆ.

ಮುಂದಿನದು ಮಾಲಿಬ್ಡಿನಂ ಸೋರಿಕೆಯ ಪರೀಕ್ಷೆ. 1 ಮಿಲಿಕ್ಯೂರಿ ಟೆಕ್ನೀಶಿಯಂಗೆ 0.15 ಮೈಕ್ರೊಕ್ಯೂರಿ ಮಾಲಿಬ್ಡಿನಂ ಮೀರಬಾರದು. ಇದನ್ನು ಎಲ್ಲರೂ ಬರೆಯುತ್ತಾರೆ. ಅದು ರೋಗಿಗೆ ಕೊಡುವ ಹೊತ್ತಿನ ಮಿತಿ ಎಂಬುದನ್ನು ಮರೆಯುತ್ತಾರೆ. ಬೆಳಿಗ್ಗೆ 8ಕ್ಕೆ 0.06 ಬಂತು ಅನ್ನಿ, ಪಾಸು. ಟೆಕ್ನೀಶಿಯಂ ಬೇಗ ಕರಗುತ್ತದೆ, ಮಾಲಿಬ್ಡಿನಂ ನಿಧಾನ, ಆದ್ದರಿಂದ ಈ ಪ್ರಮಾಣ ಸುಮಾರು 6.6 ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ. ಸಂಜೆ 4:45ರ ಹೊತ್ತಿಗೆ ಅದೇ ವಯಲ್ 0.15 ಮುಟ್ಟಿರುತ್ತದೆ. ಸಂಜೆ ಬರುವ ಎಮರ್ಜೆನ್ಸಿ ಕೇಸಿಗೆ ಬೆಳಗಿನ ವಯಲ್ ಎತ್ತಿಕೊಳ್ಳುವ ಮುಂಚೆ ಈ ಲೆಕ್ಕ ಆಗಬೇಕು.

ಸೋಮವಾರದ ತೊಂದರೆ ಇನ್ನೊಂದು ಬಗೆಯದು. ಶನಿವಾರ, ಭಾನುವಾರ ಕರೆಯದೆ ಬಿಟ್ಟ ಜನರೇಟರ್‌ನಲ್ಲಿ ಟೆಕ್ನೀಶಿಯಂ-99ಎಂ ಕರಗಿ ಆದ ಟೆಕ್ನೀಶಿಯಂ-99 ಜಮೆಯಾಗಿರುತ್ತದೆ. ರಸಾಯನದಲ್ಲಿ ಎರಡೂ ಒಂದೇ. ಕಿಟ್‌ನಲ್ಲಿರುವ ಚೂರು ಸ್ಟ್ಯಾನಸ್ ಕ್ಲೋರೈಡ್, ಟೆಕ್ನೀಶಿಯಂ ಔಷಧಿಗೆ ಅಂಟುವಂತೆ ಮಾಡುವ ವಸ್ತು, ಈ ಹಳೆಯದಕ್ಕೇ ಖರ್ಚಾಗಿ ಹೊಸದಕ್ಕೆ ಉಳಿಯುವುದಿಲ್ಲ. ಕಿಟ್ ವಯಲ್‌ಗೆ ಸಿರಿಂಜಿನಿಂದ ಗಾಳಿ ತಳ್ಳಿದರೂ ಫಲ ಅದೇ, ಆಮ್ಲಜನಕ ಸ್ಟ್ಯಾನಸ್ಸನ್ನು ತಿಂದುಹಾಕುತ್ತದೆ. ಎರಡರಲ್ಲೂ ಔಷಧಿಗೆ ಅಂಟದ ಟೆಕ್ನೀಶಿಯಂ, ಅಂದರೆ ಬಿಡಿ ಪರ್ಟೆಕ್ನಿಟೇಟ್, ಉಳಿಯುತ್ತದೆ. ಮೂಳೆ ಸ್ಕ್ಯಾನ್‌ನಲ್ಲಿ ಥೈರಾಯ್ಡ್, ಜೊಲ್ಲುಗ್ರಂಥಿ, ಹೊಟ್ಟೆ ಮಿನುಗುತ್ತಿದ್ದರೆ ರೋಗಿಯಲ್ಲಿ ರೋಗ ಹುಡುಕುವ ಮುಂಚೆ ವಯಲ್‌ನಲ್ಲಿ ತಪ್ಪು ಹುಡುಕಿ. ಅದಕ್ಕೆಂದೇ ಇಂಜೆಕ್ಷನ್‌ಗೆ ಮೊದಲು ಕ್ರೊಮಟೋಗ್ರಫಿ ಪಟ್ಟಿ ಇಳಿಬಿಡುವುದು. ಅಸಿಟೋನ್‌ನಲ್ಲಿ ಬಿಡಿ ಪರ್ಟೆಕ್ನಿಟೇಟ್ ತುದಿಗೆ ಓಡುತ್ತದೆ, ಎಂಡಿಪಿಗೆ (ಮೂಳೆ ಸ್ಕ್ಯಾನ್‌ನ ಔಷಧಿ) ಅಂಟಿಕೊಂಡದ್ದು ಬುಡದಲ್ಲೇ ನಿಲ್ಲುತ್ತದೆ. ಬೊಟ್ಟಿಟ್ಟ ಜಾಗ ದ್ರಾವಣದಲ್ಲಿ ಮುಳುಗಿದರೆ ಅಥವಾ ಪಟ್ಟಿ ಗಾಜಿಗೆ ಅಂಟಿದರೆ ಫಲಿತಾಂಶ ನಂಬಬೇಡಿ, ಇನ್ನೊಂದು ಪಟ್ಟಿ ಹಾಕಿ.

ಕೈಚಳಕ ಕಲಿಯಲು ನಿಜವಾದ ಡೋಸ್ ಬೇಕಿಲ್ಲ. ಬಣ್ಣದ ನೀರು, ಖಾಲಿ ವಯಲ್, ಸಿರಿಂಜ್ ಶೀಲ್ಡ್, ಎಲ್-ಬ್ಲಾಕ್ (ಮೇಜಿನ ಮೇಲಿಡುವ ಸೀಸದ ತಡೆ) ಇಟ್ಟುಕೊಂಡು ನಿಖರವಾಗಿ 0.8 ಎಂಎಲ್ ಎಳೆಯುವುದನ್ನು ಅಭ್ಯಾಸ ಮಾಡಿ. ಮೂವತ್ತು ಸೆಕೆಂಡಿನ ಕೆಲಸಕ್ಕೆ ಎರಡು ನಿಮಿಷ ತೆಗೆದುಕೊಳ್ಳುವ ಕೈಗೆ ಬೀಳುವ ಡೋಸೂ ನಾಲ್ಕು ಪಟ್ಟು.

ಕ್ಯಾಮೆರಾ

ಕ್ಯಾಮೆರಾದ ಒಳಗಿರುವ ಸೋಡಿಯಂ ಅಯೊಡೈಡ್ ಹರಳು ತೇವಕ್ಕೂ ಹೆದರುತ್ತದೆ, ಉಷ್ಣಾಂಶ ಥಟ್ಟನೆ ಬದಲಾದರೂ ಬಿರಿಯುತ್ತದೆ. ರೂಮಿನ ಏಸಿ ಇರುವುದು ನಿಮಗಲ್ಲ, ಅದಕ್ಕೆ. ಬೆಳಿಗ್ಗೆ ಪೀಕ್ (ಟೆಕ್ನೀಶಿಯಂ ಫೋಟಾನ್ ಶಕ್ತಿಯ ಶಿಖರ) ನೋಡಿ, 140 ಕೆಇವಿಗೆ ಕೂತಿದೆಯೇ. ಆಮೇಲೆ ಫ್ಲಡ್ (ಕ್ಯಾಮೆರಾದ ಮುಖಕ್ಕೆಲ್ಲ ಒಂದೇ ಸಮ ವಿಕಿರಣ ಬೀಳಿಸಿ ತೆಗೆಯುವ ಚಿತ್ರ) ತೆಗೆದು ಸಮವಾಗಿ ಬಂದಿದೆಯೇ. ಕೋಬಾಲ್ಟ್-57 ಶೀಟ್‌ನಿಂದ ಫ್ಲಡ್ ತೆಗೆದ ಮೇಲೆ ವಿಂಡೋ (ಕ್ಯಾಮೆರಾ ಎಣಿಸುವ ಶಕ್ತಿಯ ಮಿತಿ) 122ರಲ್ಲೇ ಬಿಟ್ಟು ಮೊದಲ ರೋಗಿಯನ್ನು ಮಲಗಿಸುವುದು ಹೊಸಬರ ಮಾಮೂಲಿ ತಪ್ಪು. ಅಯೋಡಿನ್-131 ಸ್ಕ್ಯಾನ್‌ಗೆ ಹೈ ಎನರ್ಜಿ ಕಾಲಿಮೇಟರ್ (ಕ್ಯಾಮೆರಾ ಮುಂದಿನ ತೂತು ತೂತಿನ ಸೀಸದ ತಟ್ಟೆ) ಹಾಕದಿದ್ದರೆ 364 ಕೆಇವಿ ಫೋಟಾನ್‌ಗಳು ಸೀಸದ ಗೋಡೆಗಳನ್ನೇ ತೂರಿ ಬಂದು ಕುತ್ತಿಗೆಯ ಜಾಗದಲ್ಲಿ ಆರು ಮೂಲೆಯ ನಕ್ಷತ್ರ ಬಿಡಿಸುತ್ತವೆ.

ರೋಗಿಯ ಮುಂದೆ

ಮೂಳೆ ಸ್ಕ್ಯಾನ್‌ಗೆ ಸಾಮಾನ್ಯವಾಗಿ 20 ಮಿಲಿಕ್ಯೂರಿ ಎಂಡಿಪಿ, ಎರಡು ಮೂರು ಗಂಟೆ ಕಾಯುವುದು, ಚೆನ್ನಾಗಿ ನೀರು ಕುಡಿಸುವುದು, ಮೂತ್ರ ಮಾಡಿಸಿ ಮಲಗಿಸುವುದು. ತೊಡೆಯ ಹತ್ತಿರ ಒಂದು ಕಪ್ಪು ಚುಕ್ಕೆ ಕಂಡರೆ ಬಟ್ಟೆಗೆ ಮೂತ್ರ ತಾಗಿರಬಹುದು. ಬಟ್ಟೆ ಬದಲಿಸಿ, ಚರ್ಮ ಒರೆಸಿ ಮತ್ತೆ ತೆಗೆಯಿರಿ. ಯಾವ ಕೈಗೆ ಚುಚ್ಚಿದಿರಿ ಎಂದು ಬರೆದಿಡಿ. ಔಷಧಿ ನಾಳದಿಂದ ಹೊರಗೆ ಸೋರಿದ್ದರೆ ಅದೇ ಕಡೆಯ ಕಂಕುಳಿನ ಗಂಟು ಹೊಳೆಯುತ್ತದೆ, ನಿಮ್ಮ ಟಿಪ್ಪಣಿ ಇಲ್ಲದಿದ್ದರೆ ಡಾಕ್ಟರು ಅದನ್ನು ಕಾಯಿಲೆ ಎಂದು ಓದಬಹುದು.

ಪೆಟ್‌ಗೆ ಬಂದವರನ್ನು "ತಿಂಡಿ ತಿಂದಿದ್ದೀರಾ?" ಎಂದು ಕೇಳಿದರೆ "ಇಲ್ಲ ಸಾರ್" ಎನ್ನುತ್ತಾರೆ. ಸುಳ್ಳಲ್ಲ, ಸಕ್ಕರೆ ಹಾಕಿದ ಕಾಫಿ ನಮ್ಮಲ್ಲಿ ತಿಂಡಿಯ ಲೆಕ್ಕಕ್ಕೆ ಬರುವುದಿಲ್ಲ. ಹೀಗೆ ಕೇಳಿ: "ಅಮ್ಮಾ, ಬೆಳಿಗ್ಗೆಯಿಂದ ಏನೇನು ಬಾಯಿಗೆ ಹಾಕಿದ್ರಿ? ಕಾಫಿ? ಎಲೆ ಅಡಿಕೆ?" ಎಲೆ ಅಡಿಕೆ ಜಗಿದ ದವಡೆಯ ಸ್ನಾಯು ಎಫ್‌ಡಿಜಿ ಎಳೆದುಕೊಂಡು ಹೊಳೆಯುತ್ತದೆ. ಗ್ಲೂಕೋಸ್ 200 ದಾಟಿದ್ದರೆ ಡೋಸ್ ಎಳೆಯುವ ಮುಂಚೆ ಡಾಕ್ಟರಿಗೆ ಹೇಳಿ. ಗರ್ಭಿಣಿಯೇ, ಹಾಲೂಡಿಸುತ್ತಿದ್ದಾರೆಯೇ ಎಂದು ಗಂಡ, ಅತ್ತೆಯ ಎದುರಲ್ಲಲ್ಲ, ಒಬ್ಬರೇ ಇದ್ದಾಗ ಕೇಳಿ. ವಿವರಿಸುವುದು, ಸಹಿ, ಕ್ಯಾನುಲಾ, ಶೌಚಾಲಯ ತೋರಿಸುವುದು ಎಲ್ಲ ಇಂಜೆಕ್ಷನ್‌ಗೆ ಮೊದಲೇ ಮುಗಿಯಲಿ, ಆಮೇಲೆ ರೋಗಿಯೇ ವಿಕಿರಣದ ಮೂಲ.

ನಿಮ್ಮ ಮೈ

ಟಿಎಲ್‌ಡಿ ಬ್ಯಾಡ್ಜ್ (ನಿಮಗೆ ಬಿದ್ದ ವಿಕಿರಣ ಅಳೆಯುವುದು) ಎದೆಯ ಮೇಲಿರಲಿ, ಬ್ಯಾಗಿನಲ್ಲಲ್ಲ; ಹಾಟ್ ಲ್ಯಾಬ್‌ನಲ್ಲಿ ಮರೆತು ಹೋದರೆ ಅದು ಗೋಡೆಯ ಡೋಸ್ ಅಳೆಯುತ್ತದೆ, ನಿಮ್ಮದನ್ನಲ್ಲ. ಭಾರತದಲ್ಲಿ ವಿಕಿರಣ ಕೆಲಸಗಾರರ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ಬಿದ್ದ ವಿಕಿರಣದ ಅಳತೆ), ಯಾವುದೇ ಒಂದು ವರ್ಷ 30 ಮೀರುವಂತಿಲ್ಲ. ಗರ್ಭಿಣಿಯಾದರೆ ತಕ್ಷಣ ತಿಳಿಸಿ, ಅಲ್ಲಿಂದ ಮುಂದೆ ಭ್ರೂಣಕ್ಕೆ 1 ಮಿಲಿಸೀವರ್ಟ್ ಮಿತಿ. ಸೀಸದ ಏಪ್ರನ್ ಬಗ್ಗೆ ಒಂದು ತಪ್ಪು ನಂಬಿಕೆ ಇದೆ. 0.5 ಮಿಲಿಮೀಟರ್ ಸೀಸ ಟೆಕ್ನೀಶಿಯಂನ ವಿಕಿರಣವನ್ನು ಚೆನ್ನಾಗಿ ತಗ್ಗಿಸುತ್ತದೆ. ಪೆಟ್‌ನ 511 ಕೆಇವಿಗೆ ಅರ್ಧ ತಡೆಯಲೇ ನಾಲ್ಕೈದು ಮಿಲಿಮೀಟರ್ ಸೀಸ ಬೇಕು. ಅಲ್ಲಿ ಏಪ್ರನ್‌ಗಿಂತ ಎರಡು ಹೆಜ್ಜೆ ಹಿಂದೆ ನಿಲ್ಲುವುದು ಲೇಸು.

ಡೋಸ್ ಚೆಲ್ಲಿದರೆ ಓಡಬೇಡಿ, ಮೆಟ್ಟಬೇಡಿ. ಕೂಗಿ ಹೇಳಿ, ಹೀರುವ ಕಾಗದ ಹಾಸಿ, ಗ್ಲೌಸ್ ಹಾಕಿ ಅಂಚಿನಿಂದ ಒಳಕ್ಕೆ ಒರೆಸಿ, ಮೀಟರ್ ಹಿಡಿದು ಚಪ್ಪಲಿಯ ಅಡಿಯನ್ನೂ ನೋಡಿ. ಆಮೇಲೆ ರೇಡಿಯೇಷನ್ ಸೇಫ್ಟಿ ಆಫೀಸರ್‌ಗೆ ಬರೆದು ಕೊಡಿ. ಮುಚ್ಚಿಟ್ಟ ಚೆಲ್ಲು ಸಂಜೆ ಕ್ಯಾಮೆರಾದಲ್ಲಿ ಕಂಡೇ ಕಾಣುತ್ತದೆ.

ಇಂಟರ್ನ್‌ಶಿಪ್ ವರ್ಷದ ಲಾಗ್‌ಬುಕ್‌ನಲ್ಲಿ ಬರೀ ಸ್ಕ್ಯಾನ್‌ಗಳ ಸಂಖ್ಯೆ ಬರೆಯಬೇಡಿ. ಎಷ್ಟು ಸಲ ಜನರೇಟರ್ ಕರೆದಿರಿ, ಯಾವ ಕಿಟ್ ಎಷ್ಟು ಸಲ ಕಲಸಿದಿರಿ, ಶುದ್ಧತೆ ಎಷ್ಟು ಬಂತು, ಎಷ್ಟು ಅಯೋಡಿನ್ ರೋಗಿಗಳ ವಾರ್ಡ್ ಸರ್ವೆ ಮಾಡಿದಿರಿ, ಯಾವ ಸ್ಕ್ಯಾನ್ ಮತ್ತೆ ತೆಗೆಯಬೇಕಾಯಿತು ಮತ್ತು ಯಾಕೆ ಎಂಬುದನ್ನು ದಿನಾಂಕ, ಮೇಲಿನವರ ಸಹಿ ಸಮೇತ ಬರೆಯಿರಿ. ಸಹಿ ಅವತ್ತವತ್ತೇ ಹಾಕಿಸಿಕೊಳ್ಳಿ. ಆರು ತಿಂಗಳ ಸಹಿ ಒಟ್ಟಿಗೆ ಕೇಳಲು ಹೋದಾಗ ಹಾಕಬೇಕಾದವರು ಬೇರೆ ಆಸ್ಪತ್ರೆಗೆ ಹೋಗಿರುತ್ತಾರೆ.