ಎದೆಯ ನೀರು ತೆಗೆಯುವಾಗ ನಾನು ಅವಸರ ಮಾಡುವುದಿಲ್ಲ

ಹುಬ್ಬಳ್ಳಿಯಲ್ಲಿ ಮುಂದುವರಿದ ಕ್ಯಾನ್ಸರ್ ಇರುವವರ ಆರೈಕೆ ನನ್ನ ದಿನದ ಕೆಲಸ. ನವಲಗುಂದ, ಕುಂದಗೋಳ, ಶಿರಹಟ್ಟಿ ಕಡೆಯಿಂದ ಬರುವವರಲ್ಲಿ ಅನೇಕರು ಹೇಳುವುದು ಒಂದೇ ಮಾತು: "ದಮ್ಮ ಹತ್ತೇತ್ರಿ, ಅಡ್ಡಾಗಾಕ ಆಗವಲ್ತು." ಶ್ವಾಸಕೋಶ ಅಥವಾ ಸ್ತನದ ಕ್ಯಾನ್ಸರ್ ಆದವರಲ್ಲಿ ಇದು ಜಾಸ್ತಿ. ಶ್ವಾಸಕೋಶದ ಸುತ್ತ ನೀರು ತುಂಬಿ ಅದು ಹಿಗ್ಗಲು ಜಾಗವೇ ಇರುವುದಿಲ್ಲ.

ಎಕ್ಸ್‌ರೇಯಲ್ಲಿ ನೀರು ಕಂಡ ಮಾತ್ರಕ್ಕೆ ನಾನು ಸೂಜಿ ಹಿಡಿಯುವುದಿಲ್ಲ. ದಮ್ಮಿನ ತೊಂದರೆ ಇಲ್ಲದವರಿಗೆ ಸುಮ್ನೆ ಯಾಕೆ ಚುಚ್ಚಬೇಕು? ತೊಂದರೆ ಇದ್ದವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ಏನಾದರೂ ನಡೆಯುತ್ತಿದೆಯಾ ಎಂದು ಕೇಳಿಕೊಂಡು, ಅಲ್ಟ್ರಾಸೌಂಡ್ ಇಟ್ಟು ನೀರು ಎಲ್ಲಿ, ಎಷ್ಟು ಇದೆ ಅಂತ ನೋಡಿಯೇ ಮುಂದುವರಿಯುತ್ತೇನೆ.

ಕೂರಿಸುವುದಕ್ಕೆ ನಾನು ತುಂಬಾ ಸಮಯ ಕೊಡುತ್ತೇನೆ. ಮಂಚದ ಅಂಚಿಗೆ ಕೂರಿಸಿ, ಮುಂದೆ ಟೇಬಲ್ ಇಟ್ಟು, ಅದರ ಮೇಲೆ ಎರಡು ದಿಂಬು. ಅವರು ಕೈ ಮಡಚಿ ಅದರ ಮೇಲೆ ತಲೆ ಇಡುತ್ತಾರೆ. ಕಾಲು ಜೋತಾಡಬಾರದು, ಕೆಳಗೆ ಸ್ಟೂಲ್ ಬೇಕು. ಮನೆಯವರೊಬ್ಬರು ಎದುರಿಗೆ ಕೂತು ಕೈ ಹಿಡಿದುಕೊಳ್ಳಲಿ ಎನ್ನುತ್ತೇನೆ, ಯಾಕೆಂದರೆ ಬೆನ್ನ ಹಿಂದೆ ಏನು ನಡೆಯುತ್ತಿದೆ ಅಂತ ಕಾಣದಿದ್ದಾಗ ಭಯ ಜಾಸ್ತಿ ಆಗುತ್ತದೆ. ಕೂರಲು ಆಗದವರನ್ನು ತಲೆಯ ಕಡೆ ಎತ್ತರಿಸಿ ಮಲಗಿಸಿಯೇ ಪಕ್ಕದಿಂದ ಮಾಡುತ್ತೇನೆ.

ಚುಚ್ಚುವ ಜಾಗ ಮರಗಟ್ಟಿಸುವ ಲಿಗ್ನೊಕೇನ್ ಕೊಟ್ಟ ಮೇಲೆ ಕಾಯಬೇಕು. ಚರ್ಮಕ್ಕಷ್ಟೇ ಕೊಟ್ಟರೆ ಸಾಲದು, ಪಕ್ಕೆಲುಬಿನ ಒಳಗಿನ ಪೊರೆಗೂ ತಲುಪಬೇಕು, ಚುರ್ ಅನ್ನುವ ನೋವು ಬರುವುದು ಅಲ್ಲೇ. ಸೂಜಿ ಹೋಗುವುದು ಎಲುಬಿನ ಮೇಲಂಚಿನ ಪಕ್ಕದಲ್ಲಿ, ಕೆಳಂಚಿನಲ್ಲಿ ರಕ್ತನಾಳ, ನರ ಇರುತ್ತವೆ. ಆ ಕೆಲವು ನಿಮಿಷ ನಾನು ಅವರ ಊರಿನ ಮಳೆ, ಗೋವಿನಜೋಳ, ಮೊಮ್ಮಕ್ಕಳ ಬಗ್ಗೆ ಮಾತಾಡುತ್ತೇನೆ. ಈ ಕಾಯುವಿಕೆಯನ್ನು ಬಿಟ್ಟುಬಿಡುವುದು ತುಂಬಾ ಸುಲಭ, ಆದರೆ ನೋವು ಕೊಡುವುದು ಬಿಡುವುದು ನಮ್ಮ ಕೈಯಲ್ಲೇ ಇದೆ ಅಲ್ವಾ?

ಆಮೇಲೆ ನೀರನ್ನು ನಿಧಾನವಾಗಿ ಬಿಡುತ್ತೇನೆ. ಒಂದು ಸಲಕ್ಕೆ 1.5 ಲೀಟರ್ ದಾಟುವುದಿಲ್ಲ, ಏಕೆಂದರೆ ಬಹಳ ದಿನ ಒತ್ತಿಕೊಂಡಿದ್ದ ಶ್ವಾಸಕೋಶ ಒಮ್ಮೆಲೇ ಹಿಗ್ಗಿದರೆ ಅದರೊಳಗೇ ನೀರು ಸೇರಬಹುದು. ಅದಕ್ಕಿಂತ ಮೊದಲೇ ಕೆಮ್ಮು ಬಿಡದೆ ಬಂದರೆ, ಎದೆ ಹಿಡಿದಂತಾದರೆ, ತಲೆ ತಿರುಗಿದರೆ ನಿಲ್ಲಿಸಿಬಿಡುತ್ತೇನೆ. ಕೊನೆಯ ಹನಿಯವರೆಗೆ ತೆಗೆಯುವ ಹಟ ಬೇಡ. ಅರ್ಧ ತೆಗೆದರೂ ಆ ರಾತ್ರಿ ಮಲಗಲು ಆದರೆ ನನಗೆ ಅಷ್ಟು ಸಾಕು.

ನೀರು ಕೆಂಪಾಗಿ ಬಂದಾಗ ಮನೆಯವರ ಮುಖ ಬಿಳುಚಿಕೊಳ್ಳುತ್ತದೆ. "ಇಷ್ಟು ರಕ್ತ ಹೋದ್ರ ಹೆಂಗ್ರಿ?" ಎನ್ನುತ್ತಾರೆ. ಸ್ವಲ್ಪವೇ ರಕ್ತ ಬೆರೆತರೂ ಪೂರ್ತಿ ಕೆಂಪಾಗಿ ಕಾಣುತ್ತದೆ ಎಂದು ಶುರು ಮಾಡುವ ಮೊದಲೇ ಹೇಳಿರುತ್ತೇನೆ. ಚೀಲವನ್ನು ಕಣ್ಣಿಗೆ ಬೀಳದ ಹಾಗೆ ಮಂಚದ ಹಿಂದೆ ತೂಗುಹಾಕುತ್ತೇನೆ.

ಈ ನೀರು ಅನೇಕರಿಗೆ ಮತ್ತೆ ತುಂಬುತ್ತದೆ. ಪ್ರತಿ ಸಲ ಬಸ್ ಹತ್ತಿ ಬರುವುದು ಅವರಿಗೆ ದೊಡ್ಡ ಶಿಕ್ಷೆ. ಶ್ವಾಸಕೋಶ ಪೂರ್ತಿ ಹಿಗ್ಗುವವರಿಗೆ ಟಾಲ್ಕ್ ಎಂಬ ಪುಡಿ ಹಾಕಿ, ನೀರು ತುಂಬಲು ಜಾಗ ಉಳಿಯದಂತೆ ಶ್ವಾಸಕೋಶದ ಮತ್ತು ಎದೆಗೋಡೆಯ ಪೊರೆಗಳನ್ನು ಅಂಟಿಸುವ ದಾರಿ ಇದೆ. ಹಿಗ್ಗದವರಿಗೆ ಚರ್ಮದ ಕೆಳಗಿಂದ ಹಾಯಿಸಿದ ಟ್ಯೂಬ್ ಒಳ್ಳೆಯದು, ಮನೆಯಲ್ಲೇ ಖಾಲಿ ಮಾಡಬಹುದು. ನೀರು ಹಿಡಿಯುವ ಅದರ ಬಾಟಲಿಗಳು ದುಬಾರಿ, ಹಾಗಾಗಿ ಖರ್ಚಿನ ಮಾತನ್ನು ಮೊದಲೇ ಬಿಚ್ಚಿ ಆಡುತ್ತೇನೆ. ಕೈ ತೊಳೆಯುವುದು, ಕ್ಲಾಂಪ್ ಹಾಕುವುದು, ಜ್ವರ ಬಂದರೆ ತಕ್ಷಣ ಫೋನ್ ಮಾಡುವುದು, ಇದನ್ನೆಲ್ಲ ಸೊಸೆಗೋ ಮಗನಿಗೋ ಕೈಯಲ್ಲಿ ಮಾಡಿಸಿಯೇ ಕಳಿಸುತ್ತೇನೆ.

ಇನ್ನು ಕೆಲವೇ ದಿನ ಉಳಿದವರಿಗೆ ಸೂಜಿ ಬೇಡ ಎಂದೇ ಹೇಳುತ್ತೇನೆ. ದಮ್ಮಿಗೆ ಸಣ್ಣ ಡೋಸ್ ಮಾರ್ಫಿನ್, ಜೊತೆಗೆ ಅದರಿಂದಾಗುವ ಮಲಬದ್ಧತೆಗೆ ಔಷಧ, ಮುಖಕ್ಕೆ ಫ್ಯಾನಿನ ಗಾಳಿ, ಬೆನ್ನಿಗೆ ದಿಂಬು. ಮಾರ್ಫಿನ್ ಕೊಟ್ಟರೆ ಸಾವು ಬೇಗ ಬರುತ್ತದೆ ಅಂತ ಮನೆಯವರು ಹೆದರುತ್ತಾರೆ. ಅದು ದಮ್ಮಿನ ಸಂಕಟ ಇಳಿಸಲು ಮಾತ್ರ ಅಂತ ಕೂತು ಹೇಳಿ, ಎಷ್ಟು, ಯಾವಾಗ ಅಂತ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಬರೆದುಕೊಡುತ್ತೇನೆ.