ಮಧ್ಯಾಹ್ನ ಎರಡಕ್ಕೆ ಬರುವ ನೋವು

ನಾನು ವಿಜಯಪುರದ ಒಂದು ಆಸ್ಪತ್ರೆಯಲ್ಲಿ ಮಕ್ಕಳ ಸರ್ಜರಿ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ಹರ್ನಿಯಾ, ಅಪೆಂಡಿಕ್ಸ್, ಸೀಳುತುಟಿ, ಸುಟ್ಟಗಾಯ ಅಂತ ಇಂಡಿ, ಸಿಂದಗಿ, ಚಡಚಣ, ಮುದ್ದೇಬಿಹಾಳ ಕಡೆಯಿಂದೆಲ್ಲ ಮಕ್ಕಳು ಬರುತ್ತಾರೆ. ಆಪರೇಷನ್ ಆದಮೇಲೆ ಅವರ ನೋವನ್ನು ನಾವು ಚೆನ್ನಾಗಿ ನೋಡಿಕೊಳ್ಳುತ್ತೇವೆ ಅಂತಲೇ ಬಹಳ ವರ್ಷ ನಂಬಿದ್ದೆ. ಒಬ್ಬ ಹುಡುಗ ಆ ನಂಬಿಕೆ ಕೆಡಿಸಿದ.

ಆರು ವರ್ಷದವನು. ಅಪೆಂಡಿಕ್ಸ್ ತೆಗೆದು ಎರಡನೇ ದಿನ. ಅಳು ಇಲ್ಲ, ಹಟ ಇಲ್ಲ, ಅಂಗಾತ ಮಲಗಿ ಫ್ಯಾನ್ ನೋಡುತ್ತಿದ್ದ. ‘ಭಾಳ ಶಾಣ್ಯಾ ಹುಡುಗ’ ಅಂತ ಎಲ್ಲರೂ ಹೊಗಳಿದ್ದೆವು. ನೋಟ್ಸ್‌ನಲ್ಲಿ ‘ಆರಾಮಾಗಿದ್ದಾನೆ’ ಅಂತ ನಾನೇ ಬರೆದಿದ್ದೆ. ಚಾದರ ಬದಲಿಸಲು ಹೋದಾಗ ನೋಡಿದೆ, ಎಡಗೈಯಲ್ಲಿ ಚಾದರದ ಅಂಚು ಹಿಡಿದಿದ್ದಾನೆ. ಬೆರಳು ಬಿಡಿಸೋಕೇ ಆಗಲಿಲ್ಲ. ಗೆಣ್ಣುಗಳು ಬೆಳ್ಳಗಾಗಿದ್ದವು. ಹೊಟ್ಟೆ ಅಲುಗಬಾರದು ಅಂತ ಎದೆಯಲ್ಲೇ ಸಣ್ಣ ಸಣ್ಣ ಉಸಿರು ತೆಗೆದುಕೊಳ್ಳುತ್ತಿದ್ದ. ‘ಬ್ಯಾನಿ ಆಗಾಕತ್ತೈತೇನು ತಮ್ಮಾ?’ ಅಂದೆ. ‘ಇಲ್ರೀ’ ಅಂದ. ಅವರವ್ವ ಹೊರಗೆ ಕರೆದು ಹೇಳಿದಳು, ‘ಹೇಳಿದ್ರ ಸೂಜಿ ಮಾಡ್ತಾರಂತ ಅಂಜ್ಯಾನ್ರೀ.’

ಚಾರ್ಟ್ ತೆಗೆದೆ. ಪ್ಯಾರಾಸಿಟಮಾಲ್ ಬರೆದಿತ್ತು. ಪಕ್ಕದಲ್ಲಿ ‘ಎಸ್‌ಓಎಸ್’. ಬೇಕಾದರೆ ಕೊಡಿ ಅಂತ. ಬೇಕು ಅಂತ ಹೇಳೋರು ಯಾರು? ಹುಡುಗನಿಗೆ ಸೂಜಿಯ ಹೆದರಿಕೆ. ತಾಯಿಗೆ ಸಿಸ್ಟರ್ ಬೈತಾರೆ ಅನ್ನುವ ಹೆದರಿಕೆ. ರಾತ್ರಿ ಡ್ಯೂಟಿಯವಳ ತಲೆ ಮೇಲೆ ಇಡೀ ವಾರ್ಡ್. ಹಿಂದಿನ ಸಂಜೆಯಿಂದ ಒಂದು ಡೋಸೂ ಹೋಗಿರಲಿಲ್ಲ. ಔಷಧಿ ಇಪ್ಪತ್ತು ಹೆಜ್ಜೆ ದೂರದ ಕಪಾಟಿನಲ್ಲೇ ಇತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊದಲು ಆ ಮೂರಕ್ಷರ ತೆಗೆಸಬೇಕಿತ್ತು. ಆಪರೇಷನ್ ಆದ ಮೊದಲ ಎರಡು ದಿನ ಅತ್ತಾಗ ಕೊಡೋದು ಬೇಡ, ಗಡಿಯಾರ ನೋಡಿ ಕೊಡೋಣ ಅಂದೆ. ಸರ್ಜನ್ ಒಬ್ಬರು ಒಪ್ಪಲಿಲ್ಲ. ನೋವು ಮುಚ್ಚಿಟ್ಟರೆ ಒಳಗಿನ ತೊಂದರೆ ಗೊತ್ತಾಗಲ್ಲ, ಮಕ್ಕಳು ಬೇಗ ಮರೆತುಬಿಡ್ತಾರೆ ಅಂದರು. ನನ್ನ ಕೈ ಹಿಡಿದವರು ಅರವಳಿಕೆ ಡಾಕ್ಟರ್ ಮೇಡಂ. 1980ರ ದಶಕದಲ್ಲೂ ಎಳೆಗೂಸುಗಳಿಗೆ ನೋವಿನ ಔಷಧಿ ಸರಿಯಾಗಿ ಕೊಡದೆ ಆಪರೇಷನ್ ಮಾಡುತ್ತಿದ್ದರು, ಅವಕ್ಕೆ ನೋವು ಅಷ್ಟಾಗಿ ತಿಳಿಯಲ್ಲ ಅಂತ ದೊಡ್ಡ ದೊಡ್ಡವರೇ ನಂಬಿದ್ದರು ಅಂತ ಅವರಿಂದಲೇ ನನಗೆ ಗೊತ್ತಾಗಿದ್ದು. ಇಂದೋರಿನಲ್ಲಿ ಓದಿ ಆಕ್ಸ್‌ಫರ್ಡ್‌ಗೆ ಹೋಗಿದ್ದ ಕನ್ವಲ್‌ಜೀತ್ ಆನಂದ್ 1987ರಲ್ಲಿ ಅದು ತಪ್ಪು ಅಂತ ತೋರಿಸಿದರು. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಆಪರೇಷನ್ ವೇಳೆ ಫೆಂಟನಿಲ್ ಅನ್ನುವ ಬಲವಾದ ನೋವಿನ ಔಷಧಿ ಕೊಟ್ಟಾಗ ಅವು ಜಾಸ್ತಿ ಚೆನ್ನಾಗಿ ಚೇತರಿಸಿಕೊಂಡವು. ಇದನ್ನು ಕೇಳಿದ ಮೇಲೆ ಸರ್ಜನ್ ‘ಒಂದು ತಿಂಗಳು ಮಾಡಿ ನೋಡಿ’ ಅಂದರು.

ನಮ್ಮ ಕಣ್ಣಿಗೇ ಬೀಳದ ಒಂದು ವಿಷಯ ಆ ತಿಂಗಳಲ್ಲಿ ಸಿಕ್ಕಿತು. ಹರ್ನಿಯಾದಂಥ ಆಪರೇಷನ್‌ಗೆ ಬೆನ್ನಿನ ಕೆಳಗೆ ಕಾಡಲ್ ಬ್ಲಾಕ್, ಅಂದರೆ ಕೆಳಮೈಗೆ ನೋವು ತಿಳಿಯದಂತೆ ಮಾಡುವ ಸೂಜಿ, ಕೊಡುತ್ತಾರೆ. ಅದು ಸುಮಾರು 4ರಿಂದ 6 ಗಂಟೆ ಕೆಲಸ ಮಾಡುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಬ್ಲಾಕ್ ಕೊಟ್ಟರೆ ಅದು ಇಳಿಯೋದು ಮಧ್ಯಾಹ್ನ ಒಂದರಿಂದ ಮೂರರ ಒಳಗೆ. ನಮ್ಮ ಡ್ಯೂಟಿ ಬದಲಾಗೋದು ಎರಡಕ್ಕೆ! ಒಬ್ಬರು ಬ್ಯಾಗ್ ಹೆಗಲಿಗೆ ಹಾಕಿರುತ್ತಾರೆ, ಇನ್ನೊಬ್ಬರು ರಿಜಿಸ್ಟರ್ ನೋಡುತ್ತಿರುತ್ತಾರೆ. ಆ ಹೊತ್ತಿಗೇ ಮಕ್ಕಳಿಗೆ ನೋವು ಏರುತ್ತದೆ. ಈಗ ಬೆಳಗಿನ ಪಾಳಿಯವರು ಮೊದಲ ಡೋಸ್ ಕೊಟ್ಟು ಸಹಿ ಮಾಡದೆ ಡ್ಯೂಟಿ ಬಿಡುವಂತಿಲ್ಲ. ಬ್ಲಾಕ್ ಇಳಿಯುವ ಮೊದಲೇ ಔಷಧಿ ಒಳಗಿರಬೇಕು. ನಾವು ಮಾಡಿದ್ದರಲ್ಲಿ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಇದೇ. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ನೋವನ್ನು ಅಳೆಯೋದು ಕಷ್ಟದ ಕೆಲಸವೇ. ಮಾತು ಬಾರದ ಕೂಸುಗಳಿಗೆ ಫ್ಲ್ಯಾಕ್ ಅಂತ ಒಂದು ಪಟ್ಟಿ ಇದೆ. ಮುಖ, ಕಾಲು, ಮೈ ಚಲನೆ, ಅಳು, ಎತ್ತಿಕೊಂಡರೆ ಸಮಾಧಾನ ಆಗುತ್ತದಾ ಅಂತ ಐದು ನೋಡಬೇಕು. ಒಂದೊಂದಕ್ಕೂ 0, 1 ಅಥವಾ 2. ಒಟ್ಟು 10. ಅದನ್ನು ಕನ್ನಡದಲ್ಲಿ ಬರೆದು ಮಂಚ ಮಂಚಕ್ಕೂ ತೂಗುಹಾಕಿದೆವು. ದೊಡ್ಡ ಮಕ್ಕಳಿಗೆ ಮುಖದ ಚಿತ್ರ ತೋರಿಸಿದರೆ ಕೆಲವರು ತಮಗೆ ಇಷ್ಟವಾದ ಮುಖಕ್ಕೇ ಬೆರಳಿಡುತ್ತಿದ್ದರು. ಪೋಕರ್ ಆಟದ ನಾಲ್ಕು ಬಿಲ್ಲೆ ಕೊಟ್ಟು ಕೇಳುವ ಹಳೆಯ ವಿಧಾನವೊಂದಿದೆ ಅಂತ ಮೇಡಂ ಹೇಳಿದರು. ಹುಣಸೆ ಬೀಜ ಇಡೋಣ ಅಂದ್ವಿ, ಆದರೆ ನುಂಗಿಬಿಟ್ಟರೆ? ಕೊನೆಗೆ ಕೇರಂ ಕಾಯಿ ತಂದೆವು. ನುಂಗೋಕಾಗಲ್ಲ, ಸ್ಪಿರಿಟ್‌ನಲ್ಲಿ ಒರೆಸಬಹುದು. ‘ಇದು ಒಂದು ಕಾಯಿ ಅಂದ್ರ ಸ್ವಲ್ಪ ಬ್ಯಾನಿ, ನಾಕೂ ಅಂದ್ರ ಭಾಳ ಬ್ಯಾನಿ. ನಿನ್ ಹಂತ್ಯಾಕ ಎಷ್ಟ ಅದಾವು?’ ‘ಬ್ಯಾನಿ ಐತೇನು’ ಅಂದರೆ ‘ಇಲ್ಲ’ ಅನ್ನುವ ಮಗು ಕಾಯಿ ಕೊಟ್ಟರೆ ಮೂರು ಎತ್ತಿಕೊಳ್ಳುತ್ತದೆ. ಔಷಧಿ ಕೊಟ್ಟು ಒಂದು ಗಂಟೆಗೆ ಮತ್ತೆ ಕೇಳಬೇಕು. ಇದನ್ನೇ ನಮ್ಮ ಸಿಸ್ಟರ್ ಹುಡುಗಿಯರು ಮರೆಯುತ್ತಾರೆ.

ಮೂರು ವರ್ಷಕ್ಕಿಂತ ಚಿಕ್ಕವರಿಗೆ ಕಾಯಿ ಬೇಡ. ಅವರ ವಿಷಯದಲ್ಲಿ ತಾಯಿಯ ಮಾತೇ ದೊಡ್ಡದು. ‘ಹಿಂಗ ಅಳೂದು ಹಸಿವಿಗಲ್ರೀ’ ಅಂತ ಆಕೆ ಅಂದರೆ ವಾದ ಮಾಡಬೇಡಿ.

ಔಷಧಿಯ ಲೆಕ್ಕದಲ್ಲಿ ನಾವು ತುಂಬಾ ಬಿಗಿಯಾದೆವು. ಬಾಯಿಗೆ ಕೊಡುವ ಪ್ಯಾರಾಸಿಟಮಾಲ್ ಕಿಲೋಗೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ. 14 ಕಿಲೋ ಮಗುವಿಗೆ 210. ಸಿರಪ್ ಮಾತ್ರ 5 ಮಿಲಿಗೆ 120, 125, 250 ಮಿಲಿಗ್ರಾಂ ಅಂತ ಬೇರೆ ಬೇರೆ ಬರುತ್ತದೆ. ಚಮಚ ಅಂತ ಹೇಳಿದರೆ ಡೋಸ್ ಅರ್ಧ ಆಗಬಹುದು, ಎರಡರಷ್ಟೂ ಆಗಬಹುದು. ವಾರ್ಡಿನಲ್ಲಿ 250ರದ್ದು ಮಾತ್ರ ಇಟ್ಟೆವು, ಆ 14 ಕಿಲೋ ಮಗುವಿಗೆ ಸಿರಿಂಜ್‌ನಲ್ಲಿ 4.2 ಮಿಲಿ ಎಳೆದು ಬಾಯಿಗೆ ಹಾಕುತ್ತೇವೆ. ಪ್ಯಾರಾಸಿಟಮಾಲ್ ಡ್ರಿಪ್ ಬಾಟಲಿಯಲ್ಲಿ ಪೂರ್ತಿ 1 ಗ್ರಾಂ ಇರುತ್ತದೆ, ಅದನ್ನು ಚಿಕ್ಕ ಮಗುವಿಗೆ ನೇರವಾಗಿ ತೂಗುಹಾಕಲೇಬಾರದು. ಡಾಕ್ಟರ್ ಹೇಳಿದರೆ ಜೊತೆಗೆ ಐಬುಪ್ರೊಫೆನ್. ಟ್ರಮಡಾಲ್ ಅನ್ನುವ ಬಲವಾದ ನೋವಿನ ಔಷಧಿಯ ಸೂಜಿ ಕೊಡುವ ರೂಢಿ ಬಿಟ್ಟೆವು. ಅದನ್ನೂ ಅದೇ ಜಾತಿಯ ಕೊಡೀನ್ ಅನ್ನೂ 12 ವರ್ಷದ ಒಳಗಿನ ಮಕ್ಕಳಿಗೆ ಕೊಡಬಾರದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಹೇಳಿದೆ. ಕೆಲವು ಮಕ್ಕಳಲ್ಲಿ ಉಸಿರೇ ನಿಧಾನ ಆಗಿಬಿಡುತ್ತದೆ. ನೋವಿಗೆ ಅಂತ ಮಾಂಸಖಂಡಕ್ಕೆ ಸೂಜಿ ಚುಚ್ಚೋದನ್ನು ಪೂರ್ತಿ ನಿಲ್ಲಿಸಿದೆವು. ನೋವು ಹೇಳಿದ್ದಕ್ಕೆ ಇನ್ನೊಂದು ನೋವು ಕೊಟ್ಟರೆ ಯಾವ ಮಗು ಬಾಯಿ ಬಿಡುತ್ತದೆ?

ಸುಟ್ಟಗಾಯದ ಡ್ರೆಸ್ಸಿಂಗ್ ನನಗೆ ಇವತ್ತಿಗೂ ಸಂಕಟ. ಔಷಧಿ ಮೊದಲೇ ಕೊಟ್ಟು, ಮುಕ್ಕಾಲು ಗಂಟೆ ಕಾಯುತ್ತೇವೆ. ಮಗುವನ್ನು ಟೇಬಲ್ ಮೇಲೆ ಒತ್ತಿ ಹಿಡಿಯಲ್ಲ, ಅವ್ವನ ತೊಡೆ ಮೇಲೆ ಕೂರಿಸುತ್ತೇವೆ. ‘ಗೋಳಗುಮ್ಮಟದಾಗ ನಿನ್ ಹೆಸರು ಕೂಗಿದ್ಯಾ? ಎಷ್ಟ್ ಸಲ ತಿರುಗಿ ಬಂತು?’ ಅಂತ ಕೇಳುತ್ತೇವೆ. ಎಣಿಸುತ್ತಾ ಇರುವಷ್ಟು ಹೊತ್ತು ಸ್ವಲ್ಪ ಸುಲಭ. ದೊಡ್ಡ ಗಾಯಕ್ಕೆ ಇದು ಸಾಲದು, ಅಂಥವರನ್ನು ಆಪರೇಷನ್ ಥಿಯೇಟರ್‌ಗೇ ಒಯ್ಯಿರಿ ಅಂತ ನಾನು ಜಗಳ ಮಾಡಿಯಾದರೂ ಒಯ್ಯಿಸುತ್ತೇನೆ.

ರಾತ್ರಿ ಎರಡರ ಡೋಸ್ ಇನ್ನೂ ಕೆಲವು ಸಲ ತಪ್ಪುತ್ತದೆ. ‘ಮಲಗಿದ ಕೂಸನ್ನು ಎಬ್ಬಿಸೋದಾ?’ ಅಂತಾರೆ. ಮೊದಲ ರಾತ್ರಿ ಎಬ್ಬಿಸಿ ಅಂತಲೇ ನಾನು ಹೇಳೋದು. ನಾಲ್ಕಕ್ಕೆ ನೋವಿನಿಂದ ಎದ್ದರೆ ಮತ್ತೆ ಮಲಗಿಸೋದು ಬಹಳ ಕಷ್ಟ.

ಡಿಸ್ಚಾರ್ಜ್ ದಿನ ಸಿರಿಂಜ್ ಮೇಲೆ ಪೆನ್ನಿನಿಂದ ಗೆರೆ ಎಳೆದು ತಾಯಿಯ ಕೈಗೆ ಕೊಡುತ್ತೇವೆ. ಬಸ್ ಎಷ್ಟೊತ್ತಿಗೆ ಅಂತ ಕೇಳುತ್ತೇವೆ. ಹಳ್ಳಿ ರಸ್ತೆಯ ಕುಲುಕಾಟಕ್ಕೆ ಹೊಲಿಗೆ ಜಗ್ಗುತ್ತದೆ. ಆ ದಿನದ ಡೋಸಿನ ಹೊತ್ತನ್ನು ಬಸ್ಸಿಗೆ ಹೊಂದಿಸಿ, ಹೊರಡುವ ಅರ್ಧ ಗಂಟೆ ಮೊದಲು ವಾರ್ಡಿನಲ್ಲೇ ಕೊಟ್ಟು ಕಳಿಸುತ್ತೇವೆ.